ಊರಿನ ವೀರಗಲ್ಲಿನ ಕಥೆ ಜನರಿಗೆ ಹೇಳುವುದು ಹೇಗೆ?

ಇತಿಹಾಸ ಅಂದರೆ ಆಕಳಿಸುವವರು ಜಾಸ್ತಿ. ಅವರನ್ನೇ ಕಾದಾಡಿ ಸತ್ತ ವೀರನ ನೆನಪಿಗೆ ನೆಟ್ಟ ಒಂದು ವೀರಗಲ್ಲಿನ ಮುಂದೆ ನಿಲ್ಲಿಸಿ, ಪ್ರಶ್ನೆ ಮೇಲೆ ಪ್ರಶ್ನೆ ಬರುತ್ತದೆ. ಭಾನುವಾರದ ಶಾಸನ ನಡಿಗೆ ನಡೆಸಲು ಪದವಿ ಬೇಡ, ತಯಾರಿ ಬೇಕು.

ಮೊದಲು ಶಾಸನಗಳ ಪಾಠ ಅಚ್ಚಾಗಿರುವ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕು ಹುಡುಕಿ. ಬೆಂಗಳೂರು ಜಿಲ್ಲೆಯದು 9ನೇ ಸಂಪುಟ, ಶಾಸನ ತಜ್ಞ ಬಿ.ಎಲ್. ರೈಸ್ 1905ರಲ್ಲಿ ತಂದದ್ದು. ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಆಮೇಲೆ ಕಲ್ಲು ಇನ್ನೂ ಅಲ್ಲೇ ಇದೆಯಾ ಎಂದು ಹೋಗಿ ನೋಡಿ. ಎಷ್ಟೋ ಕಲ್ಲುಗಳು ಚರಂಡಿಯ ಹಾಸಾಗಿವೆ. ಪೂಜೆಯಲ್ಲಿದ್ದರೆ ಪೂಜಾರಿಯ ಒಪ್ಪಿಗೆ ಕೇಳಿ. ಊರಿನ ಹಿರಿಯರು ಹೇಳುವ ಕಥೆಯನ್ನೂ ಬರೆದುಕೊಳ್ಳಿ, ಅದು ಮುಂದೆ ಬೇಕಾಗುತ್ತದೆ.

ಬೆಳಗಿನ ಓರೆ ಬಿಸಿಲಿನಲ್ಲೇ ಜನರನ್ನು ಕರೆಯಿರಿ. ನೆತ್ತಿಯ ಬಿಸಿಲಿಗೆ ಅಕ್ಷರ ಮಾಯ. ನೆರಳಿದ್ದರೆ ಪಕ್ಕದಿಂದ ಟಾರ್ಚ್ ಬಿಡಿ. ಸೀಮೆಸುಣ್ಣ, ಎಣ್ಣೆ, ಬ್ರಶ್ಶು ಯಾವುದೂ ಬೇಡ.

ರಾಜವಂಶದಿಂದ ಶುರು ಮಾಡಬೇಡಿ. ಕಲ್ಲಿನ ಕೆಳಗಿನ ಪಟ್ಟಿಕೆ, ಅಂದರೆ ಕೆತ್ತನೆಯ ಸಾಲು, ತೋರಿಸಿ, ‘ಇವನು ಏನು ಮಾಡ್ತಿದ್ದಾನೆ?’ ಎಂದು ಕೇಳಿ ಸುಮ್ಮನಿರಿ. ಕಾದಾಟ ಎಂದು ಅವರೇ ಹೇಳುತ್ತಾರೆ. ಅದರ ಮೇಲೆ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ. ತುದಿಯಲ್ಲಿ ಸಾಮಾನ್ಯವಾಗಿ ಅವನು ಲಿಂಗದ ಮುಂದೆ ಕೂತಿರುತ್ತಾನೆ. ಶಾಸನದ ಒಂದೇ ಸಾಲು ಓದಿ, ಸಾಕು. ಮಕ್ಕಳಿದ್ದರೆ ಮಂಡ್ಯ ಜಿಲ್ಲೆಯ ಆತಕೂರಿನ ಕಾಳಿಯನ್ನು ನೆನೆಸಿ. ಹಂದಿಯೊಂದಿಗೆ ಹೋರಾಡಿ ಸತ್ತ ನಾಯಿ ಅದು. 10ನೇ ಶತಮಾನದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಷ್ಟದ ಘಟ್ಟ ಬರುವುದು ಇನ್ನು ಮುಂದೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಶಾಸನವಿದೆ. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ‘ಹಾಗಾದರೆ ಬಲ್ಲಾಳ ರಾಜನಿಗೆ ಅಜ್ಜಿ ಬೇಯಿಸಿದ ಕಾಳು ಕೊಟ್ಟದ್ದರಿಂದ ಬೆಂದಕಾಳೂರು ಎಂಬ ಹೆಸರು ಬಂತೆಂಬ ಕಥೆ ಸುಳ್ಳಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಗಬೇಡಿ. ಕಥೆಯ ಬಲ್ಲಾಳ ಅಂದರೆ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ, ಅವನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಎರಡೂ ಇಸವಿ ಮುಂದಿಡಿ, ಲೆಕ್ಕ ಅವರೇ ಹಾಕಲಿ. ಆ ಕಥೆ ಜನರ ಬಾಯಲ್ಲಿ ಹೇಗೆ ಉಳಿಯಿತು ಎಂಬುದೂ ಇತಿಹಾಸವೇ ಅಲ್ವಾ? ತಜ್ಞರು ಎಡವುವುದು ಇಲ್ಲೇ. ತಪ್ಪು ತಿದ್ದುವ ಭರದಲ್ಲಿ ಕೇಳುಗರನ್ನು ಕಳೆದುಕೊಳ್ಳುತ್ತಾರೆ.

ಒಂದು ನಡಿಗೆಗೆ ಎರಡು-ಮೂರು ಕಲ್ಲು ಸಾಕು. ಕೊನೆಗೆ ಫೋಟೊ ತೆಗೆದು ಜಾಗ ಗುರುತಿಸಿಕೊಳ್ಳಿ. ಬೆಂಗಳೂರಿನ ಹೆಬ್ಬಾಳದಲ್ಲಿ ಕಿತ್ತಯ್ಯ ಎಂಬ ವೀರನ 8ನೇ ಶತಮಾನದ ಕಲ್ಲು ಉಳಿದಿರುವುದು ಊರಿನವರೂ ಆಸಕ್ತರೂ ಕೈಜೋಡಿಸಿದ್ದರಿಂದ. ನಿಮ್ಮ ಕಲ್ಲು ಚರಂಡಿಯಲ್ಲಿದ್ದರೆ ನೀವೇ ಎತ್ತಿ ಸಾಗಿಸಬೇಡಿ. ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಫೋಟೊ ಸಮೇತ ಅರ್ಜಿ ಕೊಡಿ. ನಡಿಗೆಗೆ ಬಂದವರ ಸಹಿಯೂ ಅದರಲ್ಲಿರಲಿ.