ಊಟದ ಬಿಡುವಿನಲ್ಲಿ ಒಂದಾಟ ಚೌಕಾಬಾರ

ಆಫೀಸಿನಲ್ಲಿ ಮೋಜು ಅಂದರೆ ವರ್ಷಕ್ಕೊಮ್ಮೆ ಎಲ್ಲರನ್ನೂ ಬಸ್ಸಿಗೆ ತುಂಬಿಕೊಂಡು ರೆಸಾರ್ಟಿಗೆ ಹೋಗಿ, ಒಂದೇ ಬಣ್ಣದ ಟೀ ಶರ್ಟ್ ಹಾಕಿಸಿ, ಹಗ್ಗ ಜಗ್ಗಾಡಿಸುವುದು ಅಂತಾಗಿದೆ. ಸೋಮವಾರ ಮತ್ತೆ ಅದೇ ಜೋಲು ಮುಖ. ನನ್ನ ಕೇಳಿದರೆ ಅದರ ಬದಲು ದಿನಾ ಅರ್ಧ ಗಂಟೆ, ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರ ಆಡಿ. ನಾವು ನಾಲ್ಕು ಜನ ಆಡುತ್ತಿದ್ದೇವೆ. ಹೇಗೆ ಅಂತ ಹೇಳುತ್ತೇನೆ.

ಮೊದಲು ಹೊತ್ತು ಹೊಂದಿಸಿಕೊಳ್ಳಿ. ಊಟದ ಬಿಡುವು ಯಾರೋ ಕೊಡುವ ಭಿಕ್ಷೆ ಅಲ್ಲ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ 5 ಗಂಟೆ ದುಡಿದ ಮೇಲೆ ಕನಿಷ್ಠ 1 ಗಂಟೆ ಬಿಡುವು ಇರಬೇಕು ಅಂತಿದೆ. ಡಬ್ಬಿ ಖಾಲಿ ಮಾಡಲು ಎಷ್ಟು ಬೇಕು, 20 ನಿಮಿಷ? ಮಿಕ್ಕಿದ್ದರಲ್ಲಿ ಮೊಬೈಲ್ ಉಜ್ಜುತ್ತೇವೆ, ಅಷ್ಟೇ ಅಲ್ವಾ.

ಇನ್ನು ಸಾಮಾನು. ದೊಡ್ಡ ಸ್ವೀಟ್ ಬಾಕ್ಸಿನ ಮುಚ್ಚಳದ ಒಳಮೈಗೆ ಮಾರ್ಕರಿನಲ್ಲಿ ಅಡ್ಡ 5, ಉದ್ದ 5, ಒಟ್ಟು 25 ಚೌಕ ಬರೆಯಿರಿ. ನಾಲ್ಕೂ ಬದಿಯ ನಡುವಿನ ಚೌಕಕ್ಕೆ ಮತ್ತು ನಟ್ಟನಡುವಿನದಕ್ಕೆ ಕತ್ತರಿ ಗುರುತು ಹಾಕಿ. ಅವು ಮನೆಗಳು. ಗ್ರಂದಿಗೆ ಅಂಗಡಿಯಲ್ಲಿ ನಾಲ್ಕು ಕವಡೆ ತನ್ನಿ. ಸಿಗದಿದ್ದರೆ ಹುಣಸೆ ಬೀಜದ ಒಂದು ಮೈಯನ್ನು ಕಲ್ಲಿಗೆ ಬಿಳಿ ಬರುವವರೆಗೆ ತೇಯ್ದರೂ ಆಯ್ತು. ನಮ್ಮಜ್ಜಿ ಬಳೆ ಚೂರನ್ನು ಕಾಯಿ ಮಾಡುತ್ತಿದ್ದರು. ನಮ್ಮದು ಪೆನ್ನಿನ ಮುಚ್ಚಳ, ಗುಂಡುಪಿನ್ನು, ರಬ್ಬರು, ಶೇಂಗಾ. ಶೇಂಗಾದವರು ಸೋತಾಗ ಕಾಯಿಯನ್ನೇ ತಿಂದುಬಿಡುತ್ತಾರೆ, ಹುಷಾರು.

ಕವಡೆಯನ್ನು ಬರೀ ಮೇಜಿನ ಮೇಲೆ ಎಸೆಯಬೇಡಿ. ಮೊದಲ ದಿನ ನಾವು ಗಾಜಿನ ಮೇಜಿನ ಮೇಲೆ ಚೆಲ್ಲಿದೆವು. ಆ ಕಟಕಟಕ್ಕೆ ಪಕ್ಕದ ಕೋಣೆಯಿಂದ ಸಾಹೇಬರೇ ಎದ್ದು ಬಂದರು. ಈಗ ಊಟದ ಟವೆಲ್ಲನ್ನೇ ನಾಲ್ಕು ಮಡಿಕೆ ಮಾಡಿ ಹಾಸುತ್ತೇವೆ.

ಲೆಕ್ಕ ಸುಲಭ. ಎಷ್ಟು ಕವಡೆ ಬಾಯಿ ಮೇಲಾಗಿ ಬಿತ್ತೋ ಕಾಯಿಯನ್ನು ಅಷ್ಟು ಚೌಕ ಮುಂದೆ ನಡೆಸಿ. ನಾಲ್ಕೂ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, 8. ಚೌಕ, ಬಾರ ಬಿದ್ದರೆ ಮತ್ತೊಂದು ಸಲ ಹಾಕಬಹುದು. ನಿಮ್ಮ ಬದಿಯ ಮನೆಯಿಂದ ಹೊರಟು ಹೊರ ಸುತ್ತನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಬೇಕು. ಒಳ ಸುತ್ತಿನಲ್ಲಿ ಮುಳ್ಳಿನ ಜೊತೆಗೇ. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಗೆ ಪ್ರವೇಶವಿಲ್ಲ. ಮನೆಯಲ್ಲಿ ಕೂತ ಕಾಯನ್ನು ಹೊಡೆಯುವಂತಿಲ್ಲ. ನಡುಮನೆ ಸೇರಿದರೆ ಕಾಯಿ ಹಣ್ಣಾಯ್ತು.

ಆಟದ ಅಸಲಿ ಮಜಾ ಇರುವುದು ಆ ಹೊಡೆಯುವ ನಿಯಮದಲ್ಲೇ. ಸುಮ್ನೆ ತಗ್ಗಿ ಬಗ್ಗಿ ನಡೆದು ದಡ ಸೇರೋಣ ಅಂದರೆ ಆಗದು. ಬೆಳಗ್ಗೆ ನಿಮ್ಮ ರಜೆ ಅರ್ಜಿ ತಿರಸ್ಕರಿಸಿದವರ ಕಾಯಿ ಮೂರು ಚೌಕ ಮುಂದಿದೆ, ನಿಮಗೆ ಸರಿಯಾಗಿ ಮೂರೇ ಬಿತ್ತು ಅನ್ನಿ. ಆ ಸುಖ ಯಾವ ರೆಸಾರ್ಟಿನಲ್ಲಿ ಸಿಗುತ್ತದೆ?

ಮನೆಯಲ್ಲಾದರೆ ತಲಾ ನಾಲ್ಕು ಕಾಯಿ. ಆಫೀಸಿನಲ್ಲಿ ಎರಡೇ ಸಾಕು, ಇಲ್ಲದಿದ್ದರೆ ಸಂಜೆಯಾದರೂ ಮುಗಿಯದು. ದುಡ್ಡು ಮಾತ್ರ ಕಟ್ಟಬೇಡಿ. ಬರೀ ಹತ್ತು ರೂಪಾಯಿಯ ಪಂದ್ಯಕ್ಕೆ ನಮ್ಮಲ್ಲಿಬ್ಬರು ಒಂದು ವಾರ ಮಾತು ಬಿಟ್ಟಿದ್ದರು. ಈಗ ಸೋತವರು ಎಲ್ಲರ ಡಬ್ಬಿ ತೊಳೆಯಬೇಕು. ಕರೆದರೂ ಬಾರದವರನ್ನು ಎಳೆದು ತರಬೇಡಿ. ಕೆಲವರಿಗೆ ಊಟವಾದ ಮೇಲೆ ಮೇಜಿಗೆ ತಲೆಯಿಟ್ಟು ಕಣ್ಣು ಮುಚ್ಚುವುದೇ ಮೋಜು.

ಎರಡು ಗಂಟೆಗೆ ಐದು ನಿಮಿಷ ಇರುವಾಗ ಅಲಾರಾಂ ಇಟ್ಟುಕೊಳ್ಳಿ. ಹೊಡೆದಾಗ ಯಾರ ಕೈಯಲ್ಲಿ ಕವಡೆ ಇದ್ದರೂ ಅಲ್ಲಿಗೇ ನಿಲ್ಲಿಸಿ, ಆಟದ ಹಾಸಿನ ಫೋಟೊ ತೆಗೆದುಕೊಂಡು ಕಾಯಿಗಳನ್ನು ಡ್ರಾಯರಿಗೆ ಹಾಕಿ. ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ನಮ್ಮಲ್ಲಿ ಒಂದು ಆಟ ಸೋಮವಾರ ಶುರುವಾಗಿ ಗುರುವಾರ ಮುಗಿದಿದೆ. ಮೂರು ರಾತ್ರಿ ಫೋಟೊ ಜೂಮ್ ಮಾಡಿ ಲೆಕ್ಕ ಹಾಕಿಕೊಂಡು ಬಂದಿದ್ದೆ. ಆದರೂ ಡಬ್ಬಿ ತೊಳೆದದ್ದು ನಾನೇ.