ಮಣಿ ಸನ್‌ಕ್ಯಾಚರ್: ಮೊದಲು ಬಿಸಿಲು ನೋಡಿ, ಆಮೇಲೆ ಮಣಿ ಕೊಳ್ಳಿ

ಸನ್‌ಕ್ಯಾಚರ್ ಅಂದರೆ ಬಿಸಿಲು ಬೀಳುವ ಕಿಟಕಿಗೆ ತೂಗುಹಾಕುವ ಗಾಜಿನ ಮಣಿಗಳ ಅಲಂಕಾರ. ಅದಕ್ಕೆ ಮಣಿ ಕೊಳ್ಳಲು ಪೇಟೆಗೆ ಓಡುವ ಮೊದಲು ಒಂದು ಭಾನುವಾರ ಮನೆಯಲ್ಲೇ ಇದ್ದು ಬಿಸಿಲು ಯಾವ ಕಿಟಕಿಯಿಂದ, ಎಷ್ಟು ಹೊತ್ತಿಗೆ ಒಳಗೆ ಬರುತ್ತದೆ ಅಂತ ನೋಡಿ. ನಾನು ಮೊದಲ ಸಲ ಹೀಗೆ ಮಾಡಲಿಲ್ಲ. ಮುಂಬೈಯ ಮುಲುಂಡ್‌ನ ನಮ್ಮ ಫ್ಲ್ಯಾಟಿನ ಅಡುಗೆಮನೆ ಕಿಟಕಿಗೆ ನಾಲ್ಕು ಸಂಜೆ ಕೂತು ಪೋಣಿಸಿದ ಸನ್‌ಕ್ಯಾಚರ್ ಕಟ್ಟಿದೆ. ಎದುರಿನ ಕಟ್ಟಡದ ನೆರಳಿನಿಂದ ಅಲ್ಲಿಗೆ ನೇರ ಬಿಸಿಲು ಬರುವುದೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಗೋಡೆಯ ಮೇಲೆ ಕಾಮನಬಿಲ್ಲಿನ ಚೂರು ಬೀಳಬೇಕಾದರೆ ನೇರ ಬಿಸಿಲೇ ಬೇಕು. ಬರೀ ಬೆಳಕು ಸಾಲದು.

ಪೂರ್ವದ ಕಿಟಕಿ ಇದ್ದರೆ ಅದೇ ಒಳ್ಳೆಯದು, ವರ್ಷವಿಡೀ ಬೆಳಗಿನ ಬಿಸಿಲು ಸಿಗುತ್ತದೆ. ದಕ್ಷಿಣದ ಕಿಟಕಿಯ ಕತೆ ಬೇರೆ. ಮುಂಬೈಯಲ್ಲಿ ಮೇ ಮಧ್ಯದಲ್ಲಿ ಒಂದು ದಿನ, ಜುಲೈ ಕೊನೆಗೆ ಇನ್ನೊಂದು ದಿನ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಆಗ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೆ ಬರುವುದಿಲ್ಲ. ಆದರೆ ಡಿಸೆಂಬರಿನಲ್ಲಿ ಮಧ್ಯಾಹ್ನವೂ ಸೂರ್ಯ ಸುಮಾರು 48 ಡಿಗ್ರಿ ಎತ್ತರದಲ್ಲೇ ಇರುತ್ತಾನೆ, ಹಾಗಾಗಿ ಬಿಸಿಲು ಹಾಲ್‌ನ ನೆಲದವರೆಗೂ ಬರುತ್ತದೆ. ಅಂದರೆ ದಕ್ಷಿಣದ ಕಿಟಕಿಗೆ ಕಟ್ಟುವವರಿಗೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಸುಗ್ಗಿ. ಕಿಟಕಿಗೆ ಸೊಳ್ಳೆ ಜಾಲರಿ ಇದ್ದರೆ ಬಣ್ಣ ಮಂಕಾಗುತ್ತದೆ, ಆ ಹೊತ್ತಿಗೆ ಜಾಲರಿ ಸರಿಸಿಡಿ.

ಈಗ ಮಣಿಗೆ ಬರೋಣ. ಮುಂಬೈಯಲ್ಲಿ ಮಣಿ ಅಂದರೆ ಭುಲೇಶ್ವರದ ಮಾರುಕಟ್ಟೆ. ನಮ್ಮಂಥ ಸೆಂಟ್ರಲ್ ಲೈನ್ ಲೋಕಲ್ ರೈಲಿನವರು ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿದು ಕ್ರಾಫರ್ಡ್ ಮಾರ್ಕೆಟ್, ಝವೇರಿ ಬಜಾರ್ ದಾಟಿ ನಡೆದೇ ಹೋಗಬಹುದು. ಪುಣೆಯವರಿಗೆ ರವಿವಾರ ಪೇಟೆಯ ಬೋಹ್ರಿ ಆಳಿ ಅನ್ನುವ ಅಂಗಡಿಬೀದಿ ಇದೆ. ಭುಲೇಶ್ವರಕ್ಕೆ ಭಾನುವಾರ ಹೋಗಬೇಡಿ, ಹೋಲ್‌ಸೇಲ್ ಅಂಗಡಿಗಳು ಹೆಚ್ಚಿನವು ಮುಚ್ಚಿರುತ್ತವೆ. ಅಂಗಡಿಯಲ್ಲಿ ‘ಕಾಚ್ ಕಾ ಮೋತಿ’ (ಗಾಜಿನ ಮಣಿ) ಅಂತ ಕೇಳಿ, ಲಡಿಗಟ್ಟಲೆ ತೆಗೆದು ಮುಂದೆ ಹಾಕುತ್ತಾರೆ. ಇಲ್ಲೇ ಎಲ್ಲರೂ ತಪ್ಪು ಮಾಡುವುದು. ಕೌಂಟರ್ ಮೇಲೆ, ಟ್ಯೂಬ್‌ಲೈಟ್ ಕೆಳಗೆ ಮಣಿ ಹೇಗೆ ಕಾಣುತ್ತದೆ ಅಂತ ನೋಡಿ ಕೊಂಡುಬಿಡುತ್ತಾರೆ. ಸನ್‌ಕ್ಯಾಚರ್‌ನಲ್ಲಿ ಬೆಳಕು ಮಣಿಯ ಹಿಂದಿನಿಂದ ಬರುತ್ತದೆ, ಅಲ್ವಾ? ಹಾಗಾಗಿ ಲಡಿಯನ್ನು ಕೈಯಲ್ಲಿ ಹಿಡಿದು ಅಂಗಡಿ ಬಾಗಿಲಿಗೆ ಬನ್ನಿ, ಆಕಾಶದ ಕಡೆ ಎತ್ತಿ ಹಿಡಿಯಿರಿ. ರಂಧ್ರದೊಳಗೆ ಬೆಳ್ಳಿಬಣ್ಣ ತುಂಬಿದ ಮಣಿ ಪ್ಯಾಕೆಟ್ಟಿನಲ್ಲಿ ಎಷ್ಟು ಥಳಥಳ ಅಂದರೂ ಬೆಳಕಿಗೆ ಹಿಡಿದಾಗ ಮಂಕಾಗಿ ಕಾಣುತ್ತದೆ, ಯಾಕೆಂದರೆ ಆ ಲೇಪ ಬೆಳಕನ್ನು ಆಚೆ ಬಿಡುವುದಿಲ್ಲ. ಮುತ್ತಿನಂಥ ಬಿಳಿ ಮಣಿ ಸುಮ್ನೆ ಕಪ್ಪು ಚುಕ್ಕೆ ಆಗುತ್ತದೆ. ಅದೇ ಕೌಂಟರ್ ಮೇಲೆ ಯಾರೂ ತಿರುಗಿ ನೋಡದ, ಸಾದಾ ಜೇನುಬಣ್ಣದ ಪಾರದರ್ಶಕ ಮಣಿ ಬೆಳಕಿಗೆ ಹಿಡಿದರೆ ಬೆಲ್ಲದ ಪಾಕದ ಹನಿಯ ಹಾಗೆ ಹೊಳೆಯುತ್ತದೆ. ನಾನು ಈಗ ಒಂದು ಲಡಿಯನ್ನೂ ಬಾಗಿಲಿಗೆ ಒಯ್ಯದೆ ಕೊಳ್ಳುವುದಿಲ್ಲ.

ಗಾಜೋ ಪ್ಲಾಸ್ಟಿಕ್ಕೋ ಗೊತ್ತಾಗದಿದ್ದರೆ ಕೆನ್ನೆಗೆ ಒತ್ತಿ ನೋಡಿ. ಗಾಜು ತಣ್ಣಗಿರುತ್ತದೆ, ತೂಕವೂ ಜಾಸ್ತಿ. ಗಾಜಿನ ಬಣ್ಣ ಮೇಲ್ಲೇಪವೇ ಅನ್ನುವ ಅನುಮಾನ ಇದ್ದರೆ ಮನೆಗೆ ಬಂದು ನೇಲ್ ಪಾಲಿಶ್ ರಿಮೂವರ್ ಹತ್ತಿಗೆ ಹಾಕಿ ಒಂದು ಮಣಿಯನ್ನು ಉಜ್ಜಿ. ಬಣ್ಣ ಹತ್ತಿಗೆ ಬಂದರೆ ಅದು ಬಿಸಿಲಿಗೂ ಬಾಳುವುದಿಲ್ಲ. ಪ್ಲಾಸ್ಟಿಕ್ ಮಣಿಗೆ ಈ ಪರೀಕ್ಷೆ ಬೇಡ, ಅಸಿಟೋನ್ ತಾಗಿದರೆ ಮೇಲ್ಮೈ ಕರಗಿ ಮಬ್ಬಾಗುತ್ತದೆ. ಕಾಮನಬಿಲ್ಲು ಬೇಕಾದರೆ ಕೆಳಗೆ ತೂಗಲು 2ರಿಂದ 3 ಸೆಂ.ಮೀ. ಗಾತ್ರದ, ಚೂಪು ಅಂಚುಗಳ ಕಟಿಂಗ್ ಇರುವ ಗಾಜಿನ ಕ್ರಿಸ್ಟಲ್ ಬೇಕು. ಬಣ್ಣದ್ದಲ್ಲ, ನೀರಿನ ಹಾಗೆ ಪಾರದರ್ಶಕವಾದದ್ದು.

ನುಣುಪಾದ ದೊಡ್ಡ ಗಾಜಿನ ಗುಂಡು ಮಾತ್ರ ಬೇಡವೇ ಬೇಡ. ಅದು ಭೂತಗನ್ನಡಿಯ ಹಾಗೆ ಕೆಲಸ ಮಾಡುತ್ತದೆ. 4 ಸೆಂ.ಮೀ. ಅಗಲದ ಗುಂಡಾದರೆ ಅದರ ಬೆನ್ನಿಂದ ಸುಮಾರು 1 ಸೆಂ.ಮೀ. ದೂರದಲ್ಲಿ ಬಿಸಿಲೆಲ್ಲ ಒಂದೇ ಚುಕ್ಕೆಗೆ ಬಂದು ಸೇರುತ್ತದೆ, ಅಲ್ಲೊಂದು ಪರದೆ ಇದ್ದರೆ ಸುಡಬಹುದು. ಕಟಿಂಗ್ ಇರುವ ಗಾಜು ಬೆಳಕನ್ನು ಚೆದುರಿಸುತ್ತದೆ. ಆದರೂ ಯಾವ ಸನ್‌ಕ್ಯಾಚರನ್ನೂ ಪರದೆಗೆ ತಾಗಿಸಿ ಕಟ್ಟಬೇಡಿ.

ಚೌಕಟ್ಟಿಗೆ ಏನೂ ಕೊಳ್ಳಬೇಕಿಲ್ಲ, ಒಂದು ಹಳೆಯ ಸ್ಟೀಲ್ ಅಥವಾ ಹಿತ್ತಾಳೆ ಬಳೆ ಸಾಕು. 2.8 ಅಳತೆಯ ಬಳೆ ಅಂದರೆ ಒಳಗಿನ ಅಗಲ 2 ಇಂಚು ಮತ್ತು 8/16 ಇಂಚು, ಅಂದರೆ ಎರಡೂವರೆ ಇಂಚು. ಸಣ್ಣ ಕಿಟಕಿಗೆ ಇದು ಸರಿ. ದೊಡ್ಡದು ಬೇಕಾದರೆ ಕಸೂತಿ ಹಾಕುವ ರಿಂಗ್ ತಗೊಳ್ಳಿ. ದಾರಕ್ಕೆ ಮೀನು ಹಿಡಿಯುವ ನೈಲಾನ್ ದಾರ, ನಮ್ಮಲ್ಲಿ ತಂಗೂಸ್ ಅಂತಾರಲ್ಲ, ಅದು. 0.35ರಿಂದ 0.40 ಮಿ.ಮೀ. ದಪ್ಪ ಇರಲಿ. ಹತ್ತಿ ದಾರ ಬೇಡ, ಗಾಜಿನ ಅಂಚಿಗೆ ಉಜ್ಜಿ ಉಜ್ಜಿ ತುಂಡಾಗುತ್ತದೆ.

ಬಳೆಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ವೃತ್ತದ ಅಗಲದ ಅರ್ಧಕ್ಕೆ ಕಂಪಾಸ್ ತೆರೆದು ಗೆರೆಯ ಮೇಲೇ ಹೆಜ್ಜೆ ಹಾಕುತ್ತಾ ಹೋದರೆ ಸರಿಯಾಗಿ ಆರು ಹೆಜ್ಜೆಗೆ ಸುತ್ತು ಮುಗಿಯುತ್ತದೆ. ಆ ಆರು ಗುರುತುಗಳಲ್ಲಿ ಆರು ಎಳೆ ಇಳಿಬಿಡಿ. ಒಂದು ಬಿಟ್ಟು ಒಂದರಂತೆ ಮೂರು ಗುರುತುಗಳಿಂದ ಮೇಲಕ್ಕೆ ಮೂರು ದಾರ ಕಟ್ಟಿ ಒಂದು ಕೀ ರಿಂಗ್‌ಗೆ ಸೇರಿಸಿ. ಮೂರೇ ದಾರ ಆದ್ದರಿಂದ ಬಳೆ ಮಟ್ಟಸವಾಗಿ ಕೂರಿಸುವುದು ಸುಲಭ, ನಾಲ್ಕಾದರೆ ಯಾವುದೋ ಒಂದು ಸಡಿಲವೇ ಇರುತ್ತದೆ.

ಒಂದು ಎಳೆ ಹೀಗೆ ಮಾಡಿ. 25 ಸೆಂ.ಮೀ. ಉದ್ದದ ಎಳೆಗೆ 60 ಸೆಂ.ಮೀ. ದಾರ ಕತ್ತರಿಸಿ. ಕ್ರಿಸ್ಟಲ್‌ನ ರಂಧ್ರದಲ್ಲಿ ದಾರ ತೂರಿಸಿ ಗಂಟು ಹಾಕಿ. ಸಾದಾ ಗಂಟು ನೈಲಾನ್‌ನಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ತುದಿಯನ್ನು ಒಂದರ ಬದಲು ಎರಡು ಸಲ ಸುತ್ತಿ ಎಳೆಯಿರಿ, ಮೇಲೊಂದು ಅದೇ ಥರದ ಗಂಟು. ಎಳೆಯುವ ಮೊದಲು ಬೆರಳಿಗೆ ನೀರು ಮುಟ್ಟಿಸಿ ದಾರ ಒದ್ದೆ ಮಾಡಿ, ಆಗ ಗಂಟು ಬಿಗಿಯಾಗಿ ಕೂರುತ್ತದೆ. ಉಳಿದ ಚಿಕ್ಕ ತುದಿಯನ್ನು ಮೊದಲ ಎರಡು ಮಣಿಗಳೊಳಗೆ ಸೇರಿಸಿಬಿಡಿ. ಆಮೇಲೆ ಮಣಿ ಪೋಣಿಸುತ್ತಾ ಹೋಗಿ, ಆದರೆ ಒತ್ತೊತ್ತಾಗಿ ಬೇಡ. ಮಣಿಗಳ ನಡುವೆ ಒಂದೆರಡು ಬೆರಳು ಜಾಗ ಬಿಟ್ಟರೆ ಪ್ರತಿ ಮಣಿಗೂ ಅದರ ಪಾಲಿನ ಬೆಳಕು ಸಿಗುತ್ತದೆ. ಮಣಿ ಜಾರದೆ ನಿಲ್ಲಬೇಕಾದರೆ ದಾರವನ್ನು ಅದೇ ಮಣಿಯೊಳಗೆ ಕೆಳಗಿನಿಂದ ಇನ್ನೊಂದು ಸಲ ತೂರಿಸಿ. ಮಣಿಯ ಪಕ್ಕದಲ್ಲಿ ಒಂದು ಸಣ್ಣ ಕುಣಿಕೆ ಕಾಣುತ್ತದೆ. ಮಣಿಯನ್ನು ಬೇಕಾದ ಜಾಗಕ್ಕೆ ಸರಿಸಿ, ಕುಣಿಕೆ ಮಣಿಯ ಮೈಗೆ ಅಂಟುವವರೆಗೆ ಮೆಲ್ಲಗೆ ಎಳೆಯಿರಿ. ಅಲ್ಲೇ ನಿಂತುಬಿಡುತ್ತದೆ. ಧಾರವಾಡದಲ್ಲಿ ನಮ್ಮ ಅಜ್ಜಿ ಕಡ್ಡಿಮಣಿಯ ಬಾಗಿಲು ತೋರಣ ಹಾಕುವಾಗ ಇದೇ ಥರ ಮಾಡುತ್ತಿದ್ದರು. ಗಿಳಿಯ ಕೊಕ್ಕಿನ ಒಂದೇ ಒಂದು ಕೆಂಪು ಮಣಿಯನ್ನು ಹೀಗೆ ಎರಡು ಸಲ ಪೋಣಿಸಿ ‘ಇನ್ನ ಇದು ಅಲುಗಾಡೂದಿಲ್ಲ ನೋಡವಾ’ ಅನ್ನುತ್ತಿದ್ದರು.

ಮೇಲಿನ ತುದಿಯನ್ನು ಬಳೆಗೆ ಎರಡು ಸುತ್ತು ಸುತ್ತಿ ಅದೇ ಗಂಟು ಹಾಕಿ, ಗಂಟಿನ ಮೇಲೆ ಒಂದು ಹನಿ ಅಂಟು. ಎಳೆಗಳ ಉದ್ದ ಒಂದೇ ಸಮ ಇರಬೇಕಾಗಿಲ್ಲ, ನಡುವಿಗೆ ಕೀ ರಿಂಗ್‌ನಿಂದಲೇ ಇಳಿಬಿಟ್ಟ ಉದ್ದದ ಎಳೆಯಲ್ಲಿ ದೊಡ್ಡ ಕ್ರಿಸ್ಟಲ್ ಇದ್ದರೆ ಚೆಂದ. ಕಟ್ಟುವಾಗ ದಾರವನ್ನು ನೇರವಾಗಿ ಗ್ರಿಲ್‌ಗೆ ಸುತ್ತಬೇಡಿ, ಕಬ್ಬಿಣಕ್ಕೆ ಉಜ್ಜಿ ತುಂಡಾಗುತ್ತದೆ. ಸ್ಟೀಲಿನ ಎಸ್ ಕೊಕ್ಕೆ ಹಾಕಿ. ಗ್ರಿಲ್‌ನ ಆಚೆಗಂತೂ ಕಟ್ಟಲೇಬೇಡಿ, ಕೆಳಗೆ ಜನ ಓಡಾಡುತ್ತಾರೆ.

ಪ್ಲಾಸ್ಟಿಕ್ ಮಣಿಗಳನ್ನು ಓವನ್‌ನಲ್ಲಿ ಕರಗಿಸಿ ಬಿಲ್ಲೆ ಮಾಡುವ ವಿಡಿಯೋಗಳು ತುಂಬ ಇವೆ. ನನ್ನ ಮಾತು ಕೇಳಿ, ಮಾಡಬೇಡಿ. ಕರಗುವಾಗ ಬರುವ ಹೊಗೆ ಒಳ್ಳೆಯದಲ್ಲ, ನಮ್ಮ ಅಡುಗೆಮನೆಗಳಲ್ಲಿ ಅದು ಹೊರಗೆ ಹೋಗಲು ದಾರಿಯೂ ಇರುವುದಿಲ್ಲ. ಅದೇ ಓವನ್‌ನಲ್ಲಿ ನಾಳೆ ಮಕ್ಕಳಿಗೆ ಕೇಕ್ ಮಾಡುವವರು ನಾವೇ.

ಉಳಿದ ಮಣಿ ಬಾಲ್ಕನಿಯ ಕುಂಡಗಳಿಗೆ. ಬೊನ್ಸಾಯ್‌ಗೆ ಬಳಸುವ 3 ಮಿ.ಮೀ. ಅಲ್ಯೂಮಿನಿಯಂ ತಂತಿ ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಗ್ಗುತ್ತದೆ. ಮುಕ್ಕಾಲು ಮೀಟರ್ ತಗೊಂಡು ಮೇಲಿನ ಅರ್ಧವನ್ನು ಲಟ್ಟಣಿಗೆಗೆ ಸುತ್ತಿ ಸುರುಳಿ ಮಾಡಿ, ತೆಳು ತಾಮ್ರದ ತಂತಿಯಲ್ಲಿ ಮಣಿ ಪೋಣಿಸಿ ಅದನ್ನು ಸುರುಳಿಯ ಉದ್ದಕ್ಕೂ ಸುತ್ತಿ. ಕೆಳಗಿನ 15 ಸೆಂ.ಮೀ. ಮಣ್ಣಿನೊಳಗೆ ಹೋಗಲಿ. ಮೇಲಿನ ತುದಿಯನ್ನು ಇಕ್ಕಳದಿಂದ ದುಂಡಗೆ ಮಡಚಲೇಬೇಕು, ನೀರು ಹಾಕಲು ಬಗ್ಗಿದಾಗ ಕಣ್ಣಿಗೆ ಚುಚ್ಚಬಾರದು. ಮನಿಪ್ಲಾಂಟ್ ಆ ಸುರುಳಿಯನ್ನೇ ಹಿಡಿದು ಹಬ್ಬಿದರೆ ಎಲೆಗಳ ಸಂದಿನಲ್ಲಿ ಮಣಿ ಇಣುಕುತ್ತದೆ, ನನಗೆ ಅದು ತುಂಬ ಇಷ್ಟ.

ಗಾಜಿನ ಬಳೆ ಚೂರುಗಳನ್ನೂ ಎಸೆಯಬೇಡಿ. ಅಜ್ಜಿ ನಮಗೆ ‘ಬಳೆ ಒಡೀತು’ ಅನ್ನಲು ಬಿಡುತ್ತಿರಲಿಲ್ಲ, ‘ಬಳೆ ಹೆಚ್ಚಿತು’ ಅನ್ನಬೇಕಿತ್ತು. ನಮ್ಮ ಪಕ್ಕದ ಮನೆಯ ಮಾವಶಿ ಮರಾಠಿಯಲ್ಲಿ ‘ಬಾಂಗಡಿ ವಾಢಲಿ’ ಅಂದಾಗ ಅದೂ ಅದೇ ಅರ್ಥ ಅಂತ ತಿಳಿದು ಖುಷಿಯಾಯಿತು. ಈಗ ಅವರ ಮನೆಯ ಹೆಚ್ಚಿದ ಬಳೆಗಳೂ ನನ್ನ ಡಬ್ಬಿಗೇ ಬರುತ್ತವೆ. ಮಣ್ಣಿನ ಕುಂಡದ ಅಂಚಿಗೆ ಈ ಚೂರುಗಳನ್ನು ಎಪಾಕ್ಸಿ ಅಂಟಿನಿಂದ ಕೂರಿಸಿ, ಒಂದು ದಿನ ಬಿಟ್ಟು ಸಂದುಗಳಿಗೆ ವೈಟ್ ಸಿಮೆಂಟ್ ಕಲಸಿ ತುಂಬಿ, ಒದ್ದೆ ಬಟ್ಟೆಯಿಂದ ಒರೆಸಿ. ಮರಕ್ಕೆ ಹಾಕುವ ಮಾಮೂಲಿ ಬಿಳಿ ಗಮ್ ಇಲ್ಲಿ ನಡೆಯುವುದಿಲ್ಲ, ಒದ್ದೆ ಕುಂಡದಲ್ಲಿ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಕೈಗವಸು ಹಾಕಿಕೊಳ್ಳಿ, ಚೂರಿನ ಚೂಪು ತುದಿ ಸಿಮೆಂಟಿನೊಳಗೆ ಮುಚ್ಚಿಹೋಗಬೇಕು.

ಜೂನ್ ಮೊದಲ ವಾರ ಮಳೆಗಾಳಿ ಶುರುವಾಗುವ ಮುಂಚೆ ಸನ್‌ಕ್ಯಾಚರ್ ಇಳಿಸಿ. ಮುಂಬೈ ಧೂಳು ಗಾಜಿಗೆ ಜಿಡ್ಡಿನ ಹಾಗೆ ಅಂಟಿರುತ್ತದೆ, ಉಗುರುಬೆಚ್ಚಗಿನ ಸೋಪು ನೀರಲ್ಲಿ ಅದ್ದಿ, ಹಳೆಯ ಹತ್ತಿ ಸೀರೆಯ ತುಂಡಿನ ಮೇಲೆ ಒಣಗಿಸಿ. ಎಳೆಗಳು ಸಿಕ್ಕಾಗದಂತೆ ಒಂದೊಂದನ್ನೂ ಕಾಗದಕ್ಕೆ ಸುತ್ತಿ ಡಬ್ಬಿಯಲ್ಲಿಡಿ. ನೈಲಾನ್ ಬಿಸಿಲಿಗೆ ನಿಧಾನಕ್ಕೆ ಸವೆಯುತ್ತದೆ, ಹಾಗಾಗಿ ದಸರಾ ಹೊತ್ತಿಗೆ ಹೊರಗೆ ತೆಗೆದಾಗ ಪ್ರತಿ ಎಳೆಯನ್ನೂ ಸ್ವಲ್ಪ ಜಗ್ಗಿ ನೋಡಿ. ದಾರ ಬಿಳಿಚಿಕೊಂಡಿದ್ದರೆ ಆ ಎಳೆಯನ್ನು ಕತ್ತರಿಸಿ, ಅದೇ ಮಣಿಗಳನ್ನು ಹೊಸ ದಾರಕ್ಕೆ ಪೋಣಿಸಿ.