ನ್ಯಾಂಡ್‌ನಾಗ ಬ್ಯಾಡ್ ಬ್ಲಾಕ್ ಬಂತಂದ್ರ, ಅಳಸೂಕಿಂತ ಮುಂಚೆ ಇಷ್ಟು ನೋಡ್ರಿ

ನ್ಯಾಂಡ್ ಅಂದ್ರ ಕರೆಂಟ್ ಹೋದ್ರೂ ಡೇಟಾ ಉಳಿಸ್ಕೊಳ್ಳೋ ಫ್ಲ್ಯಾಶ್ ಮೆಮೊರಿ ಚಿಪ್, ಬ್ಲಾಕ್ ಅಂದ್ರ ಅದರಾಗ ಒಮ್ಮೆಲೆ ಅಳಿಸೋ ತುಂಡು. ಬೋರ್ಡಿನ ಮೆಸೇಜ್ ತೋರಿಸೋ ಸೀರಿಯಲ್ ಕನ್ಸೋಲ್‌ನಾಗ "ಬ್ಯಾಡ್ ಇರೇಸ್‌ಬ್ಲಾಕ್ 345" ಅಂತ ಒಂದು ಲೈನ್ ಕಂಡ ಕೂಡ್ಲೇ ಚಿಪ್ ಹೋತು ಅಂತ ತಲಿ ಮ್ಯಾಲ ಕೈ ಹೊತ್ಕೊಂಡು ಕುಂದ್ರಬ್ಯಾಡ್ರಿ. ನಾನು ಹಂಗ ಕುಂತಿದ್ದೆ. ಗಂಗಾವತಿ ಹತ್ರ ಒಂದು ರೈಸ್ ಮಿಲ್, ನೆಲ್ಲು ಒಣಗಸೋ ಡ್ರೈಯರ್‌ದ ಟೆಂಪರೇಚರ್ ಬರ್ಕೊಳ್ಳೋ ಸಣ್ಣ ಲಿನಕ್ಸ್ ಬೋರ್ಡ್, 128 ಎಂಬಿ ನ್ಯಾಂಡ್, ಬೆಳಿಗ್ಗೆ ಬೂಟ್ ಆಗವಲ್ದು ಅಂತ ಮುನೀಮರು ಫೋನ್ ಮಾಡಿದ್ರು, ಕೊಪ್ಪಳದಿಂದ ಬಸ್ ಹತ್ತಿ ಹೋದೆ, ಅವಸರಕ್ಕ ಲಿನಕ್ಸ್ ಎಬ್ಬಸೋ ಬೂಟ್‌ಲೋಡರ್ ಯೂಬೂಟ್‌ನಾಗ "ನ್ಯಾಂಡ್ ಸ್ಕ್ರಬ್" ಹೊಡದು ಇದ್ದದ್ದೂ ಕೆಡಿಸಿ ಬಂದೆ. ಅದು ಯಾಕ ತಪ್ಪು ಅಂತ ಮುಂದ ಹೇಳ್ತೀನಿ. ಕಮಾಂಡ್ ಹೆಸರು ಎಲ್ಲಾ ಬಾಯಿಲೆ ಅಂದಂಗ ಕನ್ನಡದಾಗ ಬರದೀನಿ, ಟೈಪ್ ಮಾಡೋ ಮುಂದ ಇಂಗ್ಲಿಷ್‌ನಾಗ ಹಾಕ್ಕೋರಿ.

ಮೊದ್ಲು ಒಂದು ಮಾತು ತಲಿಯಾಗ ಇಟ್ಕೋರಿ, ನ್ಯಾಂಡ್ ಚಿಪ್ ಫ್ಯಾಕ್ಟರಿಯಿಂದ ಬರೋ ಮುಂದನ ಕೆಟ್ಟ ಬ್ಲಾಕ್ ಇಟ್ಕೊಂಡೇ ಬರ್ತೈತಿ. 128 ಎಂಬಿ ಚಿಪ್ ಅಂದ್ರ ಸಾಮಾನ್ಯವಾಗಿ 1024 ಬ್ಲಾಕ್, ಒಂದೊಂದು 128 ಕೆಬಿ, ಅದರಾಗ 2048 ಬೈಟಿನ 64 ಪೇಜು. ಇಂಥ ಚಿಪ್‌ಗಳ ಡೇಟಾಶೀಟ್ ತಗದು ನೋಡ್ರಿ, ಕಮ್ಮೀತ ಕಮ್ಮಿ 1004 ಬ್ಲಾಕ್ ಸರಿ ಇರ್ತಾವ ಅಂತ ಬರದಿರ್ತಾರ, ಅಂದ್ರ 20 ಕೆಟ್ಟಿದ್ರೂ ಅದು ಒಳ್ಳೆ ಮಾಲೇ. ಕೆಟ್ಟ ಬ್ಲಾಕಿಗೆ ಗುರ್ತು ಅಂತ ಅದರ ಮೊದಲ್ನೇ ಇಲ್ಲಾ ಎರಡ್ನೇ ಪೇಜಿನ ಓಓಬಿ ಜಾಗದಾಗ (ಡೇಟಾ ಪಕ್ಕದ ಹೆಚ್ಚಿನ ಬೈಟು) ಖಾಲಿ ಅನ್ನೋ ಎಫ್ಎಫ್ ಬಿಟ್ಟು ಬ್ಯಾರೆ ಏನರ ಬರದಿರ್ತೈತಿ. ಕರ್ನಲ್ (ಲಿನಕ್ಸಿನ ತಿರುಳು) ಬೂಟ್ ಆಗೋ ಮುಂದ ಅದನ್ನ ಓದಿ ಒಂದು ಪಟ್ಟಿ ಮಾಡ್ಕೊಳ್ತೈತಿ, ಗೋದಾಮಿನ್ಯಾಗ ತೂತು ಬಿದ್ದ ಚೀಲ ಯಾವ್ಯಾವು ಅಂತ ಮುನೀಮ ಪುಸ್ತಕದಾಗ ಬರ್ಕೊಂಡಂಗ. ಹಂಗಾಗಿ ಬೂಟ್ ಹೊತ್ತಿನ್ಯಾಗ ಕಾಣೋ ಆ ಲೈನು ಬರೇ ಪಟ್ಟಿ ಓದೋದು, ಎರರ್ ಅಲ್ಲ.

ಈಗ ಕೆಲ್ಸಕ್ಕ ಬರೋಣು. ಬೋರ್ಡ್ ಇನ್ನೂ ನಡದಿದ್ರ ರೀಬೂಟ್ ಮಾಡೋಕಿಂತ ಮುಂಚೆ ಡಿಮೆಸೇಜ್ ಅನ್ನೋ ಕರ್ನಲ್ ಲಾಗ್ ಪೂರ್ತಿ ಪೆನ್‌ಡ್ರೈವಿಗೆ ಇಳಿಸ್ಕೋರಿ. ಬಿದ್ದಿದ್ರ ಸೀರಿಯಲ್ ಕೇಬಲ್ ಹಾಕಿ ಬೂಟ್ ಲಾಗ್ ಫೈಲಿಗೆ ಸೇವ್ ಮಾಡ್ಕೋರಿ, ಫೋನ್‌ಲೆ ಫೋಟೋ ಹೊಡಿಯೋದಲ್ಲ, ಮೊದಲ್ನೇ ಎರರ್ ಯಾವಾಗ್ಲೂ ಸ್ಕ್ರೀನ್ ಮ್ಯಾಲ ಸರದು ಹೋಗಿರ್ತೈತಿ. ಲಾಗ್‌ನಾಗ ಮೂರು ನಂಬರ್ ಹುಡುಕ್ರಿ. ಬಿಟ್ ಫ್ಲಿಪ್ ಅಂತ ಕಂಡ್ರ, ಇಲ್ಲಾ ಮೈನಸ್ 117 ಇದ್ರ ಚಿಂತಿ ಇಲ್ಲ, ಒಂದೆರಡು ಬಿಟ್ ತಪ್ಪಿತ್ತು, ಇಸಿಸಿ (ತಪ್ಪಿದ ಬಿಟ್ ತಿದ್ದೋ ಲೆಕ್ಕ) ಸರಿ ಮಾಡ್ತು, ಯುಬಿಐ (ಲಿನಕ್ಸಿನ್ಯಾಗ ನ್ಯಾಂಡ್ ಬ್ಲಾಕ್ ನೋಡ್ಕೊಳ್ಳೋ ಪದರು) ಆ ಡೇಟಾನ ಬ್ಯಾರೆ ಬ್ಲಾಕಿಗೆ ತಾನ ಒಯ್ದಿಡ್ತೈತಿ. ಮೈನಸ್ 74 ಅಂದ್ರ ಇಸಿಸಿ ಕೈಲಿ ಆಗ್ಲಿಲ್ಲ, ಓದಿದ್ದು ಹಾಳು. ಇರೇಸ್ ಇಲ್ಲಾ ರೈಟ್ ಮಾಡೋ ಮುಂದ ಮೈನಸ್ 5 ಬಂದ್ರ ಬ್ಲಾಕ್ ಖರೇನ ಸಾಯಾಕತ್ತೈತಿ ಅಂತ.

ಆಮ್ಯಾಲ ಲೆಕ್ಕ. ಸಿಸ್ ಒಳಗ ಕ್ಲಾಸ್ ಎಂಟಿಡಿ ಅಂತ ಫ್ಲ್ಯಾಶ್ ಮಾಹಿತಿ ಇರೋ ಡೈರೆಕ್ಟರಿ ಐತಿ, ಅಲ್ಲಿ ಪಾರ್ಟಿಷನ್ನಿಗೆ ಒಂದರಂಗ ಬ್ಯಾಡ್ ಬ್ಲಾಕ್ಸ್, ಇಸಿಸಿ ಫೇಲ್ಯೂರ್ಸ್, ಕರೆಕ್ಟೆಡ್ ಬಿಟ್ಸ್ ಅಂತ ಫೈಲ್ ಇರ್ತಾವ, ಕ್ಯಾಟ್ ಹೊಡದು ಓದ್ರಿ ಸಾಕು (ಕೊನೀ ಎರಡೂ ಬೂಟ್ ಆದಾಗಿಂದಿನ ಲೆಕ್ಕ, ರೀಬೂಟ್ ಆದ್ರ ಸೊನ್ನಿಯಿಂದ ಶುರು). ಯುಬಿಐ ಹಾಕಿದ್ರ ಕ್ಲಾಸ್ ಯುಬಿಐ ಒಳಗ ಬ್ಯಾಡ್ ಪೆಬ್ ಕೌಂಟ್ (ಕೆಟ್ಟ ಬ್ಲಾಕ್ ಎಷ್ಟು), ರಿಸರ್ವ್ಡ್ ಫಾರ್ ಬ್ಯಾಡ್ (ಮೀಸಲು ಎಷ್ಟು), ಮ್ಯಾಕ್ಸ್ ಇಸಿ (ಒಂದು ಬ್ಲಾಕ್ ಹೆಚ್ಚಂದ್ರ ಎಷ್ಟು ಸಲ ಅಳಿಸೈತಿ) ಮೂರೂ ಬರ್ಕೋರಿ. ಯುಬಿಐ ಡೀಫಾಲ್ಟ್ ಆಗಿ 1024ಕ್ಕ 20 ಬ್ಲಾಕ್ ಮೀಸಲು ತಗದಿಡ್ತೈತಿ, ಬ್ಲಾಕ್ ಕೆಟ್ಟಂಗ ಅದರಾಗಿಂದ ಒಂದೊಂದು ಹೋಗ್ತೈತಿ, ಮೀಸಲು ಖಾಲಿ ಆಗಿ ಬ್ಯಾರೆ ಬ್ಲಾಕೂ ಸಿಗ್ಲಿಲ್ಲಂದ್ರ ಯುಬಿಐ ರೀಡ್ ಓನ್ಲಿ ಆಗಿ ಕುಂತ್ಬಿಡ್ತೈತಿ. ಬಾಳ ಮಂದಿ "ಫೈಲ್‌ಸಿಸ್ಟಮ್ ಲಾಕ್ ಆಗೈತ್ರಿ" ಅಂತ ಫೋನ್ ಮಾಡೋದು ಇದಕ್ಕ.

ಈ ಲೆಕ್ಕದಾಗ ಒಂದು ಸೂಕ್ಷ್ಮ ಐತಿ, ನನಗ ತಿಳಿಯಾಕ ಎರಡು ಬೋರ್ಡ್ ಬೇಕಾದ್ವು. ಬರೇ ಓದೋ ಮುಂದ ಎರರ್ ಬಂದ್ರ ಯುಬಿಐ ಬ್ಲಾಕಿಗೆ ಬ್ಯಾಡ್ ಅಂತ ಗುರ್ತು ಹಾಕಂಗಿಲ್ಲ, ಅಳಿಸೋದು ಬರಿಯೋದು ಫೇಲ್ ಆದ್ರ ಮಾತ್ರ. ಹಂಗಾಗಿ 74 ರಾಶಿ ರಾಶಿ ಬರಾಕತ್ತಾವ, ಆದ್ರ ಬ್ಯಾಡ್ ಕೌಂಟ್ ಮಾತ್ರ ಅಲ್ಲೇ ನಿಂತೈತಿ ಅಂದ್ರ ಚಿಪ್ ಮ್ಯಾಲ ಡೌಟ್ ಬಿಡ್ರಿ, ಕರೆಂಟ್ ಮ್ಯಾಲ ಡೌಟ್ ಪಡ್ರಿ. ಮಿಲ್ಲಿನ್ಯಾಗ ಎರಡ್ನೇ ಬೋರ್ಡ್‌ನಾಗ ಆಗಿದ್ದು ಇದ. ಬ್ಯಾಡ್ 6, ಮೀಸಲು 14, ಎರಡು ತಿಂಗ್ಳಿಂದ ಬದಲಾಗಿಲ್ಲ, 74 ಮಾತ್ರ ವಾರಕ್ಕೊಮ್ಮೆ. ಸಾಹುಕಾರ್ರು "ಚಿಪ್ ಸವದಿರ್ಬೇಕಲ್ಲ ತಮ್ಮಾ" ಅಂದ್ರು. ಲೆಕ್ಕ ಹಾಕಿ ತೋರಿಸ್ದೆ: ಸೆಕೆಂಡಿಗೊಂದು ಪೇಜ್ ಬರದ್ರೂ 64 ಸೆಕೆಂಡಿಗೆ ಒಂದು ಬ್ಲಾಕ್ ಖರ್ಚು, ದಿನಕ್ಕ 1350 ಇರೇಸ್, ಯುಬಿಐ ಅದನ್ನ 800 ಬ್ಲಾಕಿಗೆ ಹಂಚ್ತೈತಿ, ಒಂದು ಸೆಲ್ಲಿಗೆ ಒಂದ ಬಿಟ್ ಇಡೋ ಎಸ್ಎಲ್‌ಸಿ ಬ್ಲಾಕ್ ಒಂದು ಲಕ್ಷ ಇರೇಸ್ ತಡೀತೈತಿ ಅಂತ ಹಿಡದ್ರ ನೂರಾ ಅರವತ್ತು ವರ್ಷ. ಫೈಲ್‌ಸಿಸ್ಟಮ್‌ದ ಜರ್ನಲ್ ಗಿರ್ನಲ್ ಸೇರಿ ಹತ್ತು ಪಟ್ಟು ಬರದ್ರೂ ಹದಿನಾರು ವರ್ಷ. ಮ್ಯಾಕ್ಸ್ ಇಸಿ ನೋಡಿದ್ರ ನಾಕು ಸಾವಿರದ ಆಜೂಬಾಜೂ ಐತಿ ಅಷ್ಟ. ಸವದಿಲ್ಲ.

ಆಗಿದ್ದೇನಂದ್ರ, ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಗೋ ನಾಕೈದು ಸೆಕೆಂಡಿನ್ಯಾಗ ಅಡಾಪ್ಟರ್ ಪೂರ್ತಿ ಸಾಯ್ತಿದ್ದಿಲ್ಲ, ಅರ್ಧಮರ್ಧ ವೋಲ್ಟೇಜ್‌ನಾಗ ಒದ್ದಾಡ್ತಿತ್ತು. ಅದ ಹೊತ್ತಿನ್ಯಾಗ ಬ್ಲಾಕ್ ಅಳಸಾಕತ್ತಿದ್ರ ಅದು ಅರ್ಧ ಅಳಿಸಿದಂಗ ಆಗಿ ನಿಲ್ತೈತಿ, ಒಮ್ಮೆ ಓದಿದ್ರ ಎಲ್ಲಾ ಎಫ್ಎಫ್ ಕಾಣ್ತೈತಿ, ಇನ್ನೊಮ್ಮೆ ಓದಿದ್ರ ಬ್ಯಾರೆ. ಇಂಥ ಬ್ಲಾಕ್ ಖರೇ ಕೆಟ್ಟಿದ್ದಲ್ಲ, ನೆಟ್ಟಗ ಕರೆಂಟ್ ಕೊಟ್ಟು ಪೂರ್ತಿ ಅಳಿಸಿದ್ರ ಮತ್ತ ಸರಿ ಆಗ್ತೈತಿ. ಚೆಕ್ ಮಾಡೋದು ಹಿಂಗ: ಆಸಿಲೋಸ್ಕೋಪ್ ಪ್ರೋಬ್ ಚಿಪ್ಪಿನ 3.3 ವೋಲ್ಟ್ ಪಿನ್ ಹತ್ರ ಇಡ್ರಿ, ಅಡಾಪ್ಟರ್ ಬಾಯಾಗಲ್ಲ, ದೊಡ್ಡ ಮೋಟರ್ ಚಾಲೂ ಮಾಡಸ್ರಿ, ಜನರೇಟರ್ ಬದಲಿ ಮಾಡಸ್ರಿ, ಇಳಿಯೋದು ಹೆಂಗೈತಿ ನೋಡ್ರಿ. ಮಲ್ಟಿಮೀಟರ್‌ನಾಗ ಇದು ಸಿಗಂಗಿಲ್ಲ. ನಾವು ಅಡಾಪ್ಟರ್ ಬದಲಿಸಿ ಹಿಂದ ಒಂದು ಸಣ್ಣ ಬ್ಯಾಟರಿ ಹಾಕಿ, ವೋಲ್ಟೇಜ್ ಇಳದ್ರ ಚಿಪ್ಪಿನ ರೈಟ್ ಪ್ರೊಟೆಕ್ಟ್ ಪಿನ್ನನ್ನ ಕೆಳಗ ಎಳಿಯೋ ರೀಸೆಟ್ ಐಸಿ ಒಂದು ಕುಂದ್ರಿಸಿದ್ವಿ. ಹಂಗ ಡಬ್ಬಿ ಬಿಚ್ಚಿದಾಗ ಒಳಗ ಬೊಗಸಿ ತೌಡಿನ ಧೂಳು ಇತ್ತು, ಅದನ್ನೂ ಊದಿದ್ವಿ, ಬ್ಯಾಸಿಗ್ಯಾಗ ನಮ್ಮ ಕಡಿ ಮೊದ್ಲ 40 ದಾಟಿರ್ತೈತಿ, ಬಿಸಿ ಹೆಚ್ಚಾದಷ್ಟು ಫ್ಲ್ಯಾಶ್‌ನಾಗ ಚಾರ್ಜ್ ನಿಲ್ಲೋದು ಕಮ್ಮಿ.

ಬೂಟ್ ಆದ ಕೂಡ್ಲೇ ಮೊದಲ್ನೇ ಪೇಜಿಂದ ಹಿಡದು ಎಲ್ಲಾ 74 ಅಂತಿದ್ರ ಅದು ಬ್ಯಾರೆ ರೋಗ. ಯೂಬೂಟ್‌ಲೆ ಬರದಿದ್ದು ಯೂಬೂಟ್‌ನಾಗ ಚಲೋ ಓದ್ತೈತಿ, ಕರ್ನಲ್‌ನಾಗ ಓದಂಗಿಲ್ಲ ಅಂದ್ರ ಇಬ್ಬರ ಇಸಿಸಿ ಒಂದ ಇಲ್ಲ, ಒಬ್ಬ ಒಂದು ಬಿಟ್ಟಿನ ಹ್ಯಾಮಿಂಗ್, ಇನ್ನೊಬ್ಬ ಎಂಟು ಬಿಟ್ ತಿದ್ದೋ ಬಿಸಿಎಚ್ 8. ಡಿವೈಸ್ ಟ್ರೀನಾಗ (ಬೋರ್ಡಿನ ಹಾರ್ಡ್‌ವೇರ್ ವಿವರ ಇರೋ ಫೈಲ್) ಇಸಿಸಿ ಸ್ಟ್ರೆಂತ್, ಸ್ಟೆಪ್ ಸೈಜ್ ನೋಡಿ ಎರಡೂ ಕಡಿ ಒಂದ ಮಾಡಿ ಮತ್ತ ಬರೀರಿ. ಒಂದ ದಿನದಾಗ ನೂರಾರು ಬ್ಲಾಕ್ ಬ್ಯಾಡ್ ಆದ್ವು ಅಂದ್ರೂ ಮೊದ್ಲು ಡ್ರೈವರ್ ಮ್ಯಾಲ, ಟೈಮಿಂಗ್ ಮ್ಯಾಲ ಡೌಟ್ ಪಡ್ರಿ, ಚಿಪ್ ಹಂಗ ಗುಂಪಾಗಿ ಸಾಯಂಗಿಲ್ಲ.

ಮತ್ತ ಬರಿಯೋ ಮುಂದ ಡಿಡಿ (ಇದ್ದದ್ದು ಇದ್ದಂಗ ಕಾಪಿ ಮಾಡೋ ಕಮಾಂಡ್) ಮಾತ್ರ ಬಳಸ್ಬ್ಯಾಡ್ರಿ, ಅದಕ್ಕ ಬ್ಯಾಡ್ ಬ್ಲಾಕ್ ದಾಟಿ ಹೋಗೋದು ಗೊತ್ತಿಲ್ಲ. ಸಾದಾ ಪಾರ್ಟಿಷನ್ನಿಗೆ ಫ್ಲ್ಯಾಶ್ ಇರೇಸ್ ಮಾಡಿ ನ್ಯಾಂಡ್‌ರೈಟ್, ಪಿ ಆಪ್ಷನ್ ಹಾಕಿ. ಯುಬಿಐ ಪಾರ್ಟಿಷನ್ನಿಗೆ ಯುಬಿಫಾರ್ಮ್ಯಾಟ್, ಅದು ಹಳೇ ಇರೇಸ್ ಲೆಕ್ಕ ಉಳಿಸ್ಕೊಳ್ತೈತಿ. ಇನ್ನೊಂದು, ಕರ್ನಲ್ ಪಾರ್ಟಿಷನ್ನ ಇಮೇಜಿನ ಅಳತಿಗೆ ಬಿಗಿಯಾಗಿ ಮಾಡಿದ್ರ ನಡುವ ಒಂದು ಬ್ಲಾಕ್ ಕೆಟ್ರೂ ಇಮೇಜ್ ಹಿಡಿಸಂಗಿಲ್ಲ, ಆಫ್‌ಸೆಟ್ ಕೊಟ್ಟು ಯೂಬೂಟ್‌ನಾಗ ಬರದ್ರ ಮುಂದಿನ ಪಾರ್ಟಿಷನ್ನಿನ ಮ್ಯಾಲ ಹೋಗಿ ಬೀಳ್ತೈತಿ. ಹೆಚ್ಚಿಗಿ ಐದಾರು ಬ್ಲಾಕ್ ಬಿಡ್ರಿ, ಜಿಪುಣತನ ಬ್ಯಾಡ.

ಇಎಂಎಂಸಿ (ಇನ್ನೊಂದು ನಮೂನಿ ಫ್ಲ್ಯಾಶ್ ಚಿಪ್) ಇದ್ದೋರಿಗೆ ಇದ್ಯಾವ್ದೂ ಕಾಣಂಗಿಲ್ಲ, ಎಲ್ಲಾ ಅದರ ಹೊಟ್ಯಾಗಿನ ಕಂಟ್ರೋಲರ್ ನೋಡ್ಕೊಳ್ತೈತಿ. ಎಂಎಂಸಿ ಎಕ್ಸ್ಟ್‌ಸಿಎಸ್‌ಡಿ ರೀಡ್ ಹೊಡದು ಲೈಫ್ ಟೈಮ್, ಪ್ರಿ ಇಒಎಲ್ (ಆಯುಷ್ಯ ಮುಗಿಯೋ ಮುನ್ಸೂಚನೆ) ಎರಡು ನೋಡ್ರಿ, ಪ್ರಿ ಇಒಎಲ್ 1 ಇದ್ರ ಆರಾಮ, 2 ಅಂದ್ರ ಮೀಸಲು 80 ಪರ್ಸೆಂಟ್ ಖಾಲಿ, 3 ಅಂದ್ರ ಇವತ್ತ ಡೇಟಾ ತಗೀರಿ.

ಈಗ ಸ್ಕ್ರಬ್. ನ್ಯಾಂಡ್ ಇರೇಸ್ ಕೆಟ್ಟ ಬ್ಲಾಕ್ ಬಿಟ್ಟು ಅಳಿಸ್ತೈತಿ, ಸ್ಕ್ರಬ್ ಮಾತ್ರ ಫ್ಯಾಕ್ಟರಿ ಗುರ್ತು ಸಮೇತ ಅಳಿಸಿ ಹಾಕ್ತೈತಿ, ಮುನೀಮನ ಪುಸ್ತಕ ಒಲಿಗೆ ಹಾಕಿದಂಗ. ಅವತ್ತು ಸ್ಕ್ರಬ್ ಆದ ಮ್ಯಾಲ ಬ್ಯಾಡ್ ಬ್ಲಾಕ್ ಸೊನ್ನೆ ಅಂತ ತೋರಿಸ್ತು, ನಾನು ಖುಷಿ ಪಟ್ಟು ಚಾ ಕುಡದು ಬಂದೆ, ಮೂರ್ನೇ ದಿನ ರೂಟ್ ಫೈಲ್‌ಸಿಸ್ಟಮ್ ಹರದು ಹೋತು. ನ್ಯಾಂಡ್ ಟಾರ್ಚರ್ ಅಂತ ಹೊಡದು ಕೆಟ್ಟವು ಹುಡುಕಬೌದು, ಆದ್ರ ಫ್ಯಾಕ್ಟರಿಯವ್ರು ಬಿಸಿ, ತಂಪು, ವೋಲ್ಟೇಜ್ ಎಲ್ಲಾ ಬದಲಿಸಿ ಹುಡುಕಿರ್ತಾರ, ನಮ್ಮ ಟೇಬಲ್ ಮ್ಯಾಲ ಅವು ಎಲ್ಲಾ ಸಿಗಂಗಿಲ್ಲ. ಹಳೇ ಲಾಗ್ ಇದ್ದಿದ್ರ ಅದರಾಗಿನ ಅಡ್ರೆಸ್ ನೋಡಿ ನ್ಯಾಂಡ್ ಮಾರ್ಕ್‌ಬ್ಯಾಡ್ ಅಂತ ಗುರ್ತು ವಾಪಸ್ ಹಾಕಬೌದಿತ್ತು. ನನ್ನ ಹತ್ರ ಲಾಗ್ ಇದ್ದಿಲ್ಲ.

ಅದಕ್ಕ ಈಗ ಹೊಸ ಬೋರ್ಡ್ ಬಂದ ದಿನ, ಏನೂ ಬರಿಯೋಕಿಂತ ಮುಂಚೆ, ಯೂಬೂಟ್‌ನಾಗ ನ್ಯಾಂಡ್ ಬ್ಯಾಡ್ ಹೊಡದು ಬಂದ ಅಡ್ರೆಸ್‌ಗಳನ್ನ ಸ್ಟಿಕರ್ ಮ್ಯಾಲ ಬರದು ಡಬ್ಬಿ ಮುಚ್ಚಳದ ಒಳಗ ಹಚ್ತೀನಿ, ಮಿಲ್ಲಿನ ಡಬ್ಬಿಯಾಗೂ ಹಚ್ಚೀನಿ. ಮೊನ್ನೆ ಮುನೀಮರು ಮುಚ್ಚಳ ತಗದು, "ಇದ್ಯಾರ ನಂಬರ್ರೀ, ಫೋನ್ ಹೋಗವಲ್ದು" ಅಂದ್ರು.